ರೊಟ್ಟಿಗೆ ಯಾರು ದುಡ್ಡು ಕೊಡ್ತಾರೆ?

ನಮ್ಮ ಕಡೆ, ಅಂದ್ರೆ ವಿಜಯಪುರದ ಕಡೆ, ರೊಟ್ಟಿಗೆ ಬೆಲೆ ಅಂತ ಒಂದು ಇರೋದೇ ಇಲ್ಲ. ಜೋಳಕ್ಕೆ ಬೆಲೆ ಇದೆ. ಗಿರಣಿಯವನಿಗೆ ಬೀಸಿದ್ದಕ್ಕೆ ದುಡ್ಡು ಕೊಡ್ತೀವಿ. ಆದರೆ ಹಿಟ್ಟು ಹೊಸ್ತಿಲು ದಾಟಿ ಒಳಗೆ ಬಂತು ಅಂದ್ರೆ ಮುಂದಿನದೆಲ್ಲ ಪುಕ್ಕಟೆ. ಎಸರಿಡೋದು, ನಾದೋದು, ಬಡಿಯೋದು, ಹಂಚಿನ ಮುಂದೆ ಕೂತು ಬೆವರು ಒರೆಸಿಕೊಳ್ಳೋದು, ಇವಕ್ಕೆಲ್ಲ ಲೆಕ್ಕ ಇಟ್ಟವರನ್ನು ನಾನು ನೋಡಿಲ್ಲ. ಬೀಗರು ಬಂದ್ರೂ ರೊಟ್ಟಿ, ಹೊಲಕ್ಕೆ ಬಂದ ಆಳಿಗೂ ರೊಟ್ಟಿ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಬಂತಂದ್ರೆ ಸುತ್ತಲಿನ ಊರುಗಳ ಹೆಣ್ಣುಮಕ್ಕಳು ಮಹಾದಾಸೋಹಕ್ಕೆ ಅಂತ ಲಕ್ಷಗಟ್ಟಲೆ ರೊಟ್ಟಿ ಬಡಿದು ಕಳಿಸ್ತಾರೆ. ಅಂಥ ಸೀಮೆಯಿಂದ ಬಂದವಳು ಬೆಂಗಳೂರಿನಲ್ಲಿ ಕೂತು 'ನಾನು ಖಡಕ್ ರೊಟ್ಟಿ ಮಾರಿದ್ರೆ ಹೇಗೆ?' ಅಂತ ಯೋಚಿಸಿದಾಗ, ಅದರ ಬೆನ್ನಿಗೇ ಬರೋ ಪ್ರಶ್ನೆ ಯಾವುದಿರಬಹುದು ನೀವೇ ಹೇಳಿ. ರೊಟ್ಟಿಗೆ ಯಾರು ದುಡ್ಡು ಕೊಡ್ತಾರೆ?

ಮಜಾ ಅಂದ್ರೆ, ಈ ಪ್ರಶ್ನೆಯನ್ನ ಆಗಿನ್ನೂ ಯಾರೂ ಕೇಳಿರಲಿಲ್ಲ. ಯೋಚನೆ ಯಾರಿಗೂ ಹೇಳೇ ಇರಲಿಲ್ಲವಲ್ಲ! ಕೇಳಿದ್ದು ನಾನೇ, ಉತ್ತರ ಕೊಟ್ಟಿದ್ದೂ ನಾನೇ, 'ಸುಮ್ನಿರು' ಅಂತ ಗದರಿಸಿಕೊಂಡಿದ್ದೂ ನಾನೇ. ಹೀಗೆ ಸುಮಾರು ಎಂಟು ತಿಂಗಳು ನನ್ನ ವ್ಯಾಪಾರ ನನ್ನ ತಲೆಯೊಳಗೇ ಶುರುವಾಗಿ ಅಲ್ಲೇ ಮುಚ್ಚಿಹೋಗ್ತಿತ್ತು.

ಅದು 2017. ಎರಡನೇ ಮಗುವಾದ ಮೇಲೆ ಕೆಲಸ ಬಿಟ್ಟಿದ್ದೆ. ಒಂದು ಸಣ್ಣ ಆಫೀಸಿನಲ್ಲಿ ಅಕೌಂಟ್ಸ್ ನೋಡ್ಕೋತಿದ್ದೆ, ಬಿಡುವಾಗ ಸಂಬಳ ಹನ್ನೆರಡೂವರೆ ಸಾವಿರ. ಕೈಯಲ್ಲಿದ್ದದ್ದು ಚೀಟಿಯಿಂದ ಬಂದ 18,000 ರೂಪಾಯಿ. ಅದೂ ಪೂರ್ತಿ ನಂದಲ್ಲ, ಜೂನ್ ಬಂದ್ರೆ ದೊಡ್ಡವಳ ಸ್ಕೂಲ್ ಫೀಸಿಗೆ ಹೋಗಬೇಕಾದದ್ದು. ಹಾಗಾಗಿ 'ಧೈರ್ಯ ಮಾಡಿ ಧುಮುಕಿಬಿಡಿ' ಅನ್ನೋ ಥರದ ಭಾಷಣ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರ್ತಿತ್ತು. ಯಾರ ದುಡ್ಡಲ್ಲಿ ಧುಮುಕೋದು ಸ್ವಾಮಿ?

ಇಲ್ಲಿ ಒಂದು ಮಾತು. ಅನುಮಾನವನ್ನ ನಾವು ಒಂದು ಕಾಯಿಲೆ ಥರ ನೋಡ್ತೀವಿ. ಅದು ಇದ್ರೆ ನಮ್ಮಲ್ಲೇ ಏನೋ ಕಮ್ಮಿ, ಮೊದಲು ಅದನ್ನ ಹೊರಗೆ ಹಾಕಬೇಕು, ಆಮೇಲೆ ವ್ಯಾಪಾರ ಅಂತ. ನನ್ನ ಅನುಭವ ಬೇರೆ. ಅದನ್ನ ಓಡಿಸೋಕೆ ಹೋದಷ್ಟೂ ಅದು ಜೋರಾಗ್ತಿತ್ತು. ಒಂದಿನ ಬೇಸತ್ತು, ಅಕೌಂಟ್ಸ್ ಮಾಡಿದವಳ ಚಾಳಿ ನೋಡಿ, ಒಂದು 100 ಪುಟದ ನೋಟ್‌ಬುಕ್ ತಗೊಂಡು ಮಧ್ಯೆ ಗೆರೆ ಎಳೆದೆ. ಎಡಗಡೆ ಹೊರಗೆ ಹೋಗಿ ಕೇಳಿ ತಿಳ್ಕೋಬಹುದಾದ ಅನುಮಾನಗಳು. ಬಲಗಡೆ ನನ್ನ ಬಗ್ಗೆ ನನಗಿದ್ದ ಅನುಮಾನಗಳು.

ಎಡಗಡೆ ಬಿದ್ದದ್ದು ಇವು. ಒಳ್ಳೆ ಬಿಳಿಜೋಳ ಇಲ್ಲಿ ಏನು ರೇಟು? ನೂರು ರೊಟ್ಟಿಗೆ ಗ್ಯಾಸ್ ಎಷ್ಟು? ಅಂಗಡಿಯಲ್ಲಿ ಸಿಗೋ ಪ್ಯಾಕೆಟ್ ಎಷ್ಟಕ್ಕೆ? ಲೈಸೆನ್ಸ್ ಏನು ಬೇಕು? ಬಲಗಡೆ ಬಿದ್ದದ್ದು: ನನ್ನಿಂದ ಆಗಲ್ಲ. ನಾನೇನು ವ್ಯಾಪಾರಸ್ಥರ ಮನೆಯವಳಾ? ಜನ ನಗ್ತಾರೆ. ನನ್ನ ರೊಟ್ಟಿ ಅಷ್ಟೇನೂ ಚೆನ್ನಾಗಿರಲ್ಲ. ದುಡ್ಡು ಕೇಳೋಕೆ ನಾಚಿಕೆ.

ಬರೆದಾದ ಮೇಲೆ ಬಲಗಡೆಯ ಒಂದೊಂದಕ್ಕೂ 'ಅಂದ್ರೆ?' ಅಂತ ಕೇಳ್ತಾ ಹೋದೆ. ನನ್ನಿಂದ ಆಗಲ್ಲ. ಅಂದ್ರೆ ಏನು ಆಗಲ್ಲ? ದಿನಾ ನೂರು ರೊಟ್ಟಿ ಬಡಿಯೋಕೆ ಆಗಲ್ಲ. ಹೌದು, ಆಗಲ್ಲ, ಚಿಕ್ಕ ಮಗು ಇದೆ. ವಾರಕ್ಕೊಂದು ದಿನ? ಭಾನುವಾರ ಇವರು ಮನೇಲಿರ್ತಾರೆ, ಮಗುವನ್ನ ನೋಡ್ಕೋತಾರೆ, ಅವತ್ತು ಆಗುತ್ತೆ. ನೋಡಿ, 'ನನ್ನಿಂದ ಆಗಲ್ಲ' ಅನ್ನೋದು 'ಭಾನುವಾರ ಮಾತ್ರ ಆಗುತ್ತೆ' ಅಂತ ಆಯ್ತು. ಅದು ಬಲಗಡೆಯಿಂದ ಎಡಗಡೆಗೆ ಬಂತು. ದುಡ್ಡು ಕೇಳೋಕೆ ನಾಚಿಕೆ. ಅಂದ್ರೆ? ಬಾಯಿ ಬಿಟ್ಟು 'ಎಪ್ಪತ್ತು ರೂಪಾಯಿ ಕೊಡಿ' ಅನ್ನೋಕೆ ಆಗಲ್ಲ. ಹಾಗಾದ್ರೆ ಚೀಟಿ ಅಂಟಿಸು, ಬೆಲೆ ಅದರ ಮೇಲೇ ಇರಲಿ. ಬಾಯಿಗೆ ಕೆಲಸವೇ ಇಲ್ಲ. ಇಷ್ಟು ಸಣ್ಣ ವಿಷಯ ಎಂಟು ತಿಂಗಳು ನಿದ್ದೆ ಕೆಡಿಸಿತ್ತು ಅಂದ್ರೆ ನಂಬ್ತೀರಾ?

ಕೊನೆಗೆ ಬಲಗಡೆ ಉಳಿದದ್ದು ಎರಡೇ. ಒಂದು, ನನ್ನ ರೊಟ್ಟಿ ದುಡ್ಡು ಕೊಡೋವಷ್ಟು ಚೆನ್ನಾಗಿದೆಯಾ? ಇನ್ನೊಂದು, ರೊಟ್ಟಿ ಮಾರೋದು ಸರಿಯಾ?

ಎರಡನೆಯದನ್ನ ಮೊದಲು ಹೇಳ್ತೀನಿ, ಯಾಕಂದ್ರೆ ಅದು ನನ್ನ ತಾಯಿಯ ದನಿಯಲ್ಲಿತ್ತು. ಫೋನಿನಲ್ಲಿ ವಿಷಯ ತೆಗೆದಾಗ ಅವ್ವ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ರೊಟ್ಟಿ ಮಾರೂದಾ? ಉಣ್ಣಾಕ ಬಂದವ್ರ ಕಡೆ ರೊಕ್ಕಾ ತಗೋತಿಯೇನವಾ? ನಮ್ಮನ್ಯಾಗ ಯಾರೂ ಹಂಗ ಮಾಡಿಲ್ಲ" ಅಂದ್ಲು. ಬೈದಿದ್ರೆ ಜಗಳ ಆಡಬಹುದಿತ್ತು. ಅವಳು ನೊಂದಿದ್ಲು.

ಅವ್ವ ಪ್ರತಿ ಶ್ರಾವಣ ಮಠದಲ್ಲಿ ಪ್ರವಚನ ಕೇಳೋಳು. ನಾನು ಅವಳ ಮಡಿಲಲ್ಲಿ ಕೂತು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ಕೇಳಿದ್ದೆ. ಹನ್ನೆರಡನೇ ಶತಮಾನದ ಶರಣ ದಂಪತಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡ್ತಿದ್ದವರು. ಒಂದಿನ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಪ್ಪಲಿಲ್ಲ, ಹೆಚ್ಚಿನದನ್ನ ವಾಪಸ್ ಸುರಿದು ಬರೋಕೆ ಕಳಿಸಿದ್ಲು. ಈ ಕಥೆಯನ್ನ ನಾವು ಯಾವಾಗ್ಲೂ ದುರಾಸೆ ಬೇಡ ಅಂತಷ್ಟೇ ಕೇಳ್ತೀವಿ. ಅವತ್ತು ನನಗೆ ಇನ್ನೊಂದು ಕಾಣಿಸ್ತು. ಲಕ್ಕಮ್ಮನಿಗೆ ಎಷ್ಟು ತಮ್ಮದು, ಎಷ್ಟು ತಮ್ಮದಲ್ಲ ಅನ್ನೋ ಲೆಕ್ಕ ಪಕ್ಕಾ ಇತ್ತು. ದಾಸೋಹವೂ ನಡೆದದ್ದು ದುಡಿದು ತಂದ ಅಕ್ಕಿಯಿಂದಲೇ. ದುಡಿಮೆಗೆ ತಕ್ಕದ್ದು ತಗೊಳ್ಳೋದನ್ನ ಯಾರೂ ಅಲ್ಲಿ ತಪ್ಪು ಅಂದಿಲ್ಲ. ಮನೆಗೆ ಬಂದವರಿಗೆ ಹಾಕೋ ರೊಟ್ಟಿ ಬೇರೆ, ಊರವರ ಮನೆ ಊಟಕ್ಕೆ ಅಂತ ನಾಲ್ಕು ಗಂಟೆ ನಿಂತು ಬಡಿಯೋ ರೊಟ್ಟಿ ಬೇರೆ. ಅವ್ವನಿಗೆ ಇದನ್ನ ವಾದ ಮಾಡಿ ಹೇಳೋಕೆ ಹೋಗಲಿಲ್ಲ. ನನಗೆ ಸಮಾಧಾನ ಆಯ್ತು, ಅಷ್ಟು ಸಾಕಿತ್ತು.

ಇನ್ನು ಬೆಲೆ. ಅನುಮಾನ ಬಂದು ಕೂರೋ ಖಾಸಾ ಜಾಗ ಇದು. ಮನಸ್ಸು 'ನಾಲ್ಕು ರೂಪಾಯಿ ಇಡು, ಅದಕ್ಕಿಂತ ಜಾಸ್ತಿ ಯಾರು ಕೊಡ್ತಾರೆ' ಅಂತಿತ್ತು. ನೋಟ್‌ಬುಕ್ ಏನು ಹೇಳ್ತು ಕೇಳಿ. ಮುರಿಯೋದನ್ನೂ ಸೇರಿಸಿ ನೂರು ಒಳ್ಳೆ ರೊಟ್ಟಿಗೆ 5 ಕೆಜಿ ಹಿಟ್ಟು, ಬೀಸಿದ ಖರ್ಚೂ ಸೇರಿ 200 ರೂಪಾಯಿ. ಗ್ಯಾಸ್ 30. ಕವರು, ಚೀಟಿ 20. ಒಟ್ಟು 250, ಅಂದ್ರೆ ರೊಟ್ಟಿಗೆ ಎರಡೂವರೆ. ಇಲ್ಲಿಗೆ ನಿಲ್ಲಿಸಿದ್ರೆ ನಾಲ್ಕು ರೂಪಾಯಿ ಲಾಭವೇ. ಆದರೆ ನನ್ನ ಸಮಯ? ಎರಡು ಒಲೆ, ಎರಡು ಹಂಚು ಇಟ್ಕೊಂಡ್ರೂ ನೂರು ರೊಟ್ಟಿಗೆ ನಾಲ್ಕು ಗಂಟೆ. ನನ್ನ ಗಂಟೆಗೆ ಬೆಲೆ ಎಷ್ಟು ಅಂತ ಹೇಗೆ ಕಟ್ಟೋದು? ಹಳೇ ಸಂಬಳ ತಗೊಂಡೆ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ, 12,500 ಭಾಗಿಸಿದ್ರೆ ಗಂಟೆಗೆ 60 ರೂಪಾಯಿ. ನಾಲ್ಕು ಗಂಟೆಗೆ 240. ಎಲ್ಲ ಸೇರಿ ರೊಟ್ಟಿಗೆ 4 ರೂಪಾಯಿ 90 ಪೈಸೆ. ನಾಲ್ಕಕ್ಕೆ ಮಾರಿದ್ರೆ ಒಂದೊಂದು ರೊಟ್ಟಿಗೂ ನಾನೇ 90 ಪೈಸೆ ಕೈಯಿಂದ ಹಾಕಿದ ಹಾಗೆ. ಮಾರದೆ ಉಳಿಯೋದನ್ನೂ ಲೆಕ್ಕ ಹಿಡಿದು ಏಳು ರೂಪಾಯಿ ಅಂತ ಬರೆದೆ. ಹತ್ತರ ಪ್ಯಾಕೆಟ್ಟಿಗೆ 70.

ಬರೆದಾಗ ಕೈ ನಡುಗಿತು ಅಂತ ಹೇಳಿದ್ರೆ ನಾಟಕ ಆಗುತ್ತೆ. ಆದರೆ ಎರಡು ಸಲ ಕೂಡಿಸಿ ನೋಡಿದ್ದು ನಿಜ.

ನಮ್ಮನೆಯವರು ಕೇಳಿದ ಪ್ರಶ್ನೆ ಮಾತ್ರ ಖರೇನೇ ಪ್ರಶ್ನೆ. "ಬೆಂಗಳೂರಾಗ ಖಾನಾವಳಿ ಬೇಕಾದಷ್ಟು ಅದಾವ. ಅಂಗಡ್ಯಾಗೂ ಪ್ಯಾಕೆಟ್ ಸಿಗ್ತಾವ. ನಿನ್ನ ರೊಟ್ಟಿನೇ ಯಾಕ ತಗೋಬೇಕು?" ಬೇಜಾರಾಯ್ತು, ಆದರೂ ಅದು ಎಡಗಡೆಯ ಪ್ರಶ್ನೆ. ಮೂರು ಅಂಗಡಿ ಸುತ್ತಿ ಪ್ಯಾಕೆಟ್ ತಂದು ಬಿಚ್ಚಿ ನೋಡಿದೆ. ಒಂದು ದಪ್ಪ, ಒಂದರಲ್ಲಿ ಮುರುಕೇ ಜಾಸ್ತಿ, ಎರಡರ ಮೇಲೆ ಯಾವತ್ತು ಮಾಡಿದ್ದು ಅಂತ ತಾರೀಕೇ ಇಲ್ಲ. ಜೋಳದ ಹಿಟ್ಟು ಹಳೇದಾದ್ರೆ ಜಿಗಿ ಹೋಗುತ್ತೆ, ರೊಟ್ಟಿ ಅಂಚಲ್ಲಿ ಒಡೆಯುತ್ತೆ, ರುಚಿಯೂ ಕಹಿಗೆ ತಿರುಗುತ್ತೆ. ನಾನು ಮಾಡಬಹುದಾದದ್ದು ಇಷ್ಟೇ: ಅದೇ ವಾರ ಬೀಸಿಸಿದ ಹಿಟ್ಟು, ತೆಳು ರೊಟ್ಟಿ, ಪ್ಯಾಕೆಟ್ ಮೇಲೆ ತಾರೀಕು. ದೊಡ್ಡ ಐಡಿಯಾ ಏನಲ್ಲ. ಆದರೆ ಇವರ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಆ ದಿನಗಳಲ್ಲಿ ನನಗೆ ಬಲ ಕೊಟ್ಟ ಎರಡು ಕಥೆ ಇವೆ. ಗೆದ್ದವರ ಕಥೆ ಓದಿದ್ರೆ ನನಗೆ ಮಾಮೂಲಿಯಾಗಿ ಇನ್ನಷ್ಟು ಹೆದರಿಕೆಯೇ ಆಗೋದು. ಇವು ಹಿಡಿಸಿದ್ದು ಆರಂಭದ ಸಣ್ಣತನಕ್ಕೆ.

ಮೊದಲನೆಯದು ಲಿಜ್ಜತ್ ಹಪ್ಪಳ. 1959ರ ಮಾರ್ಚ್ 15, ಮುಂಬಯಿಯ ಗಿರಗಾಂವ್. ಏಳು ಜನ ಹೆಂಗಸರು 80 ರೂಪಾಯಿ ಸಾಲ ತಗೊಂಡು ಮನೆ ಮಹಡಿ ಮೇಲೆ ಕೂತು ಹಪ್ಪಳ ಲಟ್ಟಿಸಿದ್ರು. ಅವತ್ತು ಆದದ್ದು ನಾಲ್ಕು ಪ್ಯಾಕೆಟ್. ಅವರೂ ಮಾಡಿದ್ದು ಮನೆಮನೆಯಲ್ಲಿ ಮಾಡೋ ವಸ್ತುವನ್ನೇ ನೋಡಿ. 'ಹಪ್ಪಳಕ್ಕೆ ಯಾರು ದುಡ್ಡು ಕೊಡ್ತಾರೆ' ಅನ್ನೋ ಪ್ರಶ್ನೆ ಆ ಮಹಡಿ ಮೇಲೂ ಹುಟ್ಟಬಹುದಿತ್ತು. ಉತ್ತರ ಸಿಗೋಕೆ ಇಡೀ ಮುಂಬಯಿಯನ್ನ ಕೇಳಬೇಕಾಗಿರಲಿಲ್ಲ, ನಾಲ್ಕು ಪ್ಯಾಕೆಟ್ ಮಾರಿದ್ರೆ ಸಾಕಿತ್ತು.

ಎರಡನೆಯದು ನಮ್ಮ ಮುಲ್ಕಿ ಕಡೆಯ ರಘುನಂದನ್ ಕಾಮತರದ್ದು. ಅಪ್ಪ ಹಣ್ಣಿನ ವ್ಯಾಪಾರಿ. ಮಗ 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ನ್ಯಾಚುರಲ್ಸ್ ಅಂತ ಹಣ್ಣಿನ ಐಸ್‌ಕ್ರೀಮಿನ ಅಂಗಡಿ ತೆರೆದಾಗ, ಬರೀ ಐಸ್‌ಕ್ರೀಮಿಗೆ ಜನ ಬರ್ತಾರೋ ಇಲ್ವೋ ಅಂತ ಜೊತೆಗೆ ಪಾವ್ ಭಾಜಿಯನ್ನೂ ಇಟ್ಟರು. ಖಾರದ ಪಾವ್ ಭಾಜಿ ತಿಂದವರು ಬಾಯಿ ತಂಪಿಗೆ ಐಸ್‌ಕ್ರೀಮ್ ತಿಂದ್ರು. ಆಮೇಲೆ ಐಸ್‌ಕ್ರೀಮಿಗೇ ಜನ ಬರೋಕೆ ಶುರುವಾದ ಮೇಲೆ ಪಾವ್ ಭಾಜಿ ನಿಲ್ಲಿಸಿದ್ರು. ನನಗೆ ಇದು ಬಹಳ ಇಷ್ಟವಾಯ್ತು. ಅನುಮಾನ ಇತ್ತು, ಅದನ್ನ ಮುಚ್ಚಿಡಲಿಲ್ಲ, ಅದಕ್ಕೆ ತಕ್ಕ ಹಾಗೆ ಅಂಗಡಿಯನ್ನೇ ಜೋಡಿಸಿಕೊಂಡ್ರು.

ಸರಿ, ನಾನೂ ಜೋಡಿಸಿಕೊಂಡೆ. ನಾಲ್ಕು ಭಾನುವಾರ. ಪ್ರತಿ ಸಲ ಹತ್ತೇ ಪ್ಯಾಕೆಟ್. ಹೊಸ ಹಂಚು, ಹಿಟ್ಟು, ಎಲ್ಲ ಸೇರಿ 3,000 ದಾಟಿ ಒಂದು ರೂಪಾಯಿ ಖರ್ಚು ಮಾಡೋ ಹಾಗಿಲ್ಲ, ಫೀಸಿನ ದುಡ್ಡಿಗೆ ಕೈ ಹಾಕೋ ಹಾಗಿಲ್ಲ. ಪುಕ್ಕಟೆ ಸ್ಯಾಂಪಲ್ ಕೊಡೋ ಹಾಗಿಲ್ಲ. ಯಾಕಂದ್ರೆ ಪುಕ್ಕಟೆ ತಿಂದವರು 'ಚೆನ್ನಾಗಿದೆ' ಅಂತಲೇ ಹೇಳ್ತಾರೆ, ನಮ್ಮ ಜನಕ್ಕೆ ಅಷ್ಟು ದಾಕ್ಷಿಣ್ಯ ಇದೆ. ನಾಲ್ಕನೇ ವಾರದ ಹೊತ್ತಿಗೆ ನಾನು ನೆನಪಿಸದೆ ಕನಿಷ್ಠ ಐದು ಮನೆಯವರು ಎರಡನೇ ಸಲ ಕೇಳಬೇಕು. ಕೇಳದಿದ್ರೆ ನಿಲ್ಲಿಸೋದು, ಅಳೋ ಹಾಗಿಲ್ಲ. ಇದನ್ನ ಮೊದಲೇ ಬರೆದಿಟ್ಟೆ, ಯಾಕಂದ್ರೆ ಆಮೇಲೆ ಬರೆದ್ರೆ ಮನಸ್ಸು ತನಗೆ ಬೇಕಾದ ಹಾಗೆ ಅಂಕಿ ತಿದ್ದುತ್ತೆ.

ಮೊದಲ ವಾರ ಎಂಟು ಹೋಯ್ತು. ಹೆಚ್ಚಿನವು ಪರಿಚಯಕ್ಕೆ. ಕೆಳಗಿನ ಮನೆ ಆಂಟಿ ಚೀಟಿ ನೋಡಿ, "ಒಂದು ರೊಟ್ಟಿಗೆ ಏಳು ರೂಪಾಯಾ? ಮನೇಲೇ ಮಾಡ್ಕೋಬಹುದಲ್ಲಮ್ಮ" ಅಂದ್ರು. "ಹೌದು ಆಂಟಿ, ಮಾಡ್ಕೋಬಹುದು" ಅಂದೆ, ನಕ್ಕೆ. ಎರಡನೇ ವಾರ ಐದು. ಅವತ್ತು ರಾತ್ರಿ ಬಲಗಡೆಯ ಪಟ್ಟಿ ಪೂರ್ತಿ ಮತ್ತೆ ಎದ್ದು ಕೂತಿತು. ಆದರೆ ಲೆಕ್ಕದ ಪ್ರಕಾರ ಇನ್ನೂ ಎರಡು ಭಾನುವಾರ ಬಾಕಿ, ಅಲ್ಲಿವರೆಗೂ ತೀರ್ಪು ಕೊಡೋ ಅಧಿಕಾರ ನನಗಿರಲಿಲ್ಲ. ಆ ನಿಯಮ ಇಲ್ಲದೇ ಹೋಗಿದ್ರೆ ಅವತ್ತೇ ಹಂಚು ಅಟ್ಟ ಸೇರ್ತಿತ್ತು.

ಈ ನಡುವೆ ಒಂದು ತಿಳೀತು. ನಮ್ಮ ಕಡೆಯ ಪಿಜಿ ಹುಡುಗರು ಮುಗಿಬಿದ್ದು ತಗೋತಾರೆ ಅಂತ ನಾನು ಲೆಕ್ಕ ಹಾಕಿದ್ದೆ. ಆಸೆಯಿಂದ ನೋಡಿದ್ರು, ತಗೊಂಡವರು ಕಮ್ಮಿ. ಒಬ್ಬ ಹುಡುಗ ಬಿಡಿಸಿ ಹೇಳಿದ: "ಅಕ್ಕಾರ, ರೊಟ್ಟಿ ಒಯ್ದು ಯಾತರ ಜೋಡಿ ತಿನ್ನೂಣ್ರಿ? ರೂಮಿನ್ಯಾಗ ಪಲ್ಯಾ ಯಾರ ಮಾಡ್ತಾರ?" ಮೂರನೇ ವಾರ ಶೇಂಗಾ ಚಟ್ನಿ ಪುಡಿಯ ಸಣ್ಣ ಪೊಟ್ಟಣ ಬೇರೆ ಇಟ್ಟೆ. ಅಂಗಡಿ ಮೊಸರು, ಚಟ್ನಿ, ರೊಟ್ಟಿ, ಊಟ ಮುಗೀತು. ಕಾಮತರಿಗೆ ಪಾವ್ ಭಾಜಿ ಇದ್ದ ಹಾಗೆ ನನಗೆ ಈ ಚಟ್ನಿ. ಮೂರನೇ ವಾರ ಆರು ಪ್ಯಾಕೆಟ್, ನಾಲ್ಕನೇ ವಾರ ಒಂಬತ್ತು. ಆ ಒಂಬತ್ತರಲ್ಲಿ ಒಂದು ಕೆಳಗಿನ ಮನೆ ಆಂಟಿಯದು. "ಮಾಡೋಕೆ ಹೋದೆ ಕಣಮ್ಮ, ತಟ್ಟಿದ್ದೆಲ್ಲ ಕೈಗೇ ಅಂಟ್ಕೊಂಡು ಬಂತು" ಅಂದ್ರು.

ಒಟ್ಟು 28 ಪ್ಯಾಕೆಟ್, 1,960 ರೂಪಾಯಿ. ಸಾಮಾನಿನ ಖರ್ಚು 1,000 ಕಳೆದು 960. ಹದಿನಾರು ಗಂಟೆ ದುಡಿಮೆಗೆ ಭಾಗಿಸಿದ್ರೆ ಗಂಟೆಗೆ ಸರಿಯಾಗಿ 60! ಹಂಚಿನ ದುಡ್ಡು ಇನ್ನೂ ಹುಟ್ಟಬೇಕಿತ್ತು ಬಿಡಿ. ತಾವಾಗೇ ಮತ್ತೆ ಕೇಳಿದವರು ಆರು ಮನೆ. ಐದು ಬೇಕಿತ್ತು, ಆರು ಸಿಕ್ತು. ಜಯಭೇರಿ ಬಾರಿಸುವಂಥದ್ದೇನಲ್ಲ, ಒಂದು ಮನೆಯ ಅಂತರದಲ್ಲಿ ಪಾಸು. ಆದರೆ 'ರೊಟ್ಟಿಗೆ ಯಾರು ದುಡ್ಡು ಕೊಡ್ತಾರೆ' ಅನ್ನೋ ಪ್ರಶ್ನೆಗೆ ನನ್ನ ಹತ್ರ ಈಗ ಆರು ಮನೆಯ ವಿಳಾಸ ಇತ್ತು. ನನ್ನ ರೊಟ್ಟಿ ಚೆನ್ನಾಗಿದೆಯಾ ಅನ್ನೋ ಪ್ರಶ್ನೆಯನ್ನ ನಾನು ನನ್ನನ್ನೇ ಕೇಳಿಕೊಳ್ಳೋದು ಬಿಟ್ಟಿದ್ದು ಅಂದಿನಿಂದ. ಅದು ನನ್ನಿಂದ ಉತ್ತರ ಸಿಗೋ ಪ್ರಶ್ನೆಯೇ ಆಗಿರಲಿಲ್ಲ.

ಆಮೇಲಿನದು ಬೇಗ ಹೇಳ್ತೀನಿ. ಆಹಾರ ಸುರಕ್ಷತೆಯ ರಿಜಿಸ್ಟ್ರೇಷನ್ ಮಾಡಿಸಿದೆ. ವರ್ಷದ ವಹಿವಾಟು 12 ಲಕ್ಷದೊಳಗಿನ ಸಣ್ಣವರಿಗೆ ಆಗ ಅದರ ಫೀಸು ವರ್ಷಕ್ಕೆ 100 ರೂಪಾಯಿ. ಒಂದು ಗೃಹಪ್ರವೇಶಕ್ಕೆ 300 ರೊಟ್ಟಿ ಬೇಕು ಅಂತ ಕೇಳಿದ್ರು. ಒಮ್ಮೆಲೇ 'ಆಗಲ್ಲ' ಅಂತ ಬಾಯಿಗೆ ಬಂತು. ಖಡಕ್ ರೊಟ್ಟಿ ಕೆಡೋದಿಲ್ಲ, ಕಾರ್ಯಕ್ಕೆ ಹತ್ತು ದಿನ ಇದೆ, ದಿನಕ್ಕೆ 75ರಂತೆ ನಾಲ್ಕು ದಿನ. ಆಯ್ತು. ಆಮೇಲೆ ಪಕ್ಕದ ಕಟ್ಟಡದ ವಾಚ್‌ಮನ್ ಹೆಂಡತಿ, ಕಲಬುರಗಿ ಕಡೆಯವಳು, ಜೊತೆಗೆ ಸೇರಿದಳು. ರೊಟ್ಟಿಗೆ ಎರಡೂವರೆ ರೂಪಾಯಿ ಅಂತ ಮಾತಾಯ್ತು. ಅವಳ ಕೈ ನನಗಿಂತ ಜೋರು. ಆ ಹೊತ್ತಿಗೆ ಹೊಸ ಅನುಮಾನ: ವಾರ ವಾರ ಅವಳಿಗೆ ಕೊಡೋವಷ್ಟು ಬರುತ್ತಾ? ಮತ್ತೆ ನೋಟ್‌ಬುಕ್, ಮತ್ತೆ ಗೆರೆ.

ಎಲ್ಲ ಅನುಮಾನಗಳೂ ಸುಳ್ಳಾದವು ಅಂದ್ಕೋಬೇಡಿ. 'ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗುತ್ತೆ' ಅಂತ ಎಡಗಡೆ ಬರೆದಿದ್ದೆ. ನಿಜವೇ ಆಯ್ತು. ಜುಲೈ ತಿಂಗಳಲ್ಲಿ ಗರಿಗರಿ ಉಳಿಸೋದೇ ಕಷ್ಟ. ಆಗ ಕಮ್ಮಿ ಮಾಡ್ತೀವಿ, ಚಟ್ನಿ ಪುಡಿ ಜಾಸ್ತಿ ಮಾಡ್ತೀವಿ. ಆ ಅನುಮಾನ ಬರದೇ ಇದ್ದಿದ್ರೆ ನಷ್ಟ ಆಗ್ತಿತ್ತು. ಹೆದರಿಕೆಯೊಳಗೆ ಹೀಗೆ ಒಂದೊಂದು ಒಳ್ಳೆ ಸಲಹೆಯೂ ಅಡಗಿರುತ್ತೆ, ಅದಕ್ಕೇ ಅದನ್ನ ಓದದೆ ಹರಿದು ಹಾಕಬಾರದು.

ಜೂನ್‌ನಲ್ಲಿ ಫೀಸು ಕಟ್ಟಿದೆ, ಚೀಟಿಯ ದುಡ್ಡಿನಿಂದ ಹೊರಗೆ ಹೋಗಿದ್ದ ಮೂರು ಸಾವಿರವನ್ನ ಅಷ್ಟರಲ್ಲಿ ರೊಟ್ಟಿಯೇ ತುಂಬಿಕೊಟ್ಟಿತ್ತು. ಅವ್ವ 'ಒಳ್ಳೇದಾಯ್ತು' ಅಂತ ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ. ಒಂದಿನ ಫೋನ್ ಮಾಡಿದಾಗ ಮಾತ್ರ, "ಹಿಟ್ಟು ಎಂದ ಬೀಸಿಸಿದ್ದಿ? ಎಂಟ ದಿನದ ಮ್ಯಾಲಿಂದ ಹಚ್ಚಬ್ಯಾಡ ಮತ್ತ, ಮಂದಿ ರೊಕ್ಕಾ ಕೊಟ್ಟ ಒಯ್ತಾರ" ಅಂದ್ಲು. ಮಂದಿ ರೊಕ್ಕಾ ಕೊಟ್ಟು ಒಯ್ತಾರೆ! ಆ ಮಾತು ಅವ್ವನ ಬಾಯಿಂದ ಬಂದಿದ್ದಕ್ಕೆ ನಾನು ಅವತ್ತು ಇಡೀ ದಿನ ಖುಷಿಯಾಗಿದ್ದೆ.

ಸೀರೆಗೆ ಕುಚ್ಚು ಕಟ್ಟೋದೋ, ಹುಡುಗರಿಗೆ ಲೆಕ್ಕ ಹೇಳಿಕೊಡೋದೋ, ಹಳೇ ಮಿಕ್ಸಿ ರಿಪೇರಿಯೋ, ನಿಮ್ಮ ತಲೆಯಲ್ಲೂ ಒಂದು ಇರಬಹುದು. ಅದು ಗೆಲ್ಲುತ್ತೆ ಅಂತ ನಾನು ಹೇಳಲಾರೆ, ನನಗೆ ಗೊತ್ತಿಲ್ಲ. ನಿಮಗೂ ಕೂತಲ್ಲೇ ಗೊತ್ತಾಗಲ್ಲ. ಹತ್ತು ಮಾಡಿ. ಬೆಲೆ ಬರೆದಿಡಿ, ನಿಮ್ಮ ಗಂಟೆಯನ್ನೂ ಸೇರಿಸಿ. ದುಡ್ಡು ಇಸ್ಕೊಂಡೇ ಕೊಡಿ. ಆಮೇಲೆ ಸುಮ್ಮನೆ ಕಾದು, ಹನ್ನೊಂದನೆಯದನ್ನ ಯಾರು ಬಂದು ಕೇಳ್ತಾರೆ ನೋಡಿ.